ಮೆಟ್ರೋ ಹತ್ತುವ ಮೊದಲು ಎಕ್ಸಿಟ್ ನಂಬರು ನೋಡಿ

ಒಮ್ಮೆ ಪರಿಚಯವೇ ಇಲ್ಲದ ದೊಡ್ಡ ಊರೊಂದರಲ್ಲಿ 11 ಸ್ಟೇಷನ್ ದಾಟಿ, 20 ನಿಮಿಷದಲ್ಲಿ ಇಳಿಯಬೇಕಾದ ಕಡೆ ಇಳಿದಿದ್ದೆ. ಲೈನು ಸರಿ, ದಿಕ್ಕು ಸರಿ, ಸ್ಟೇಷನ್ನೂ ಸರಿ. ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಾ, ಎದುರಿಗೆ ಕಂಡ ಎಸ್ಕಲೇಟರ್ ಹತ್ತಿ ಹೊರಗೆ ಬಂದೆ. ಹೋಗಬೇಕಿದ್ದ ಕಟ್ಟಡ ಕಣ್ಣೆದುರಿಗೇ ಇತ್ತು. ಆದರೆ ನಡುವೆ ಎಂಟು ಸಾಲು ವಾಹನ ಓಡುವ ರಸ್ತೆ, ರಸ್ತೆಯ ಮಧ್ಯೆ ಎದೆಮಟ್ಟದ ಕಬ್ಬಿಣದ ಬೇಲಿ. ಮತ್ತೆ ಕೆಳಗಿಳಿದು ಆಚೆ ಬದಿಯಿಂದ ಮೇಲೆ ಬರೋಣವೆಂದರೆ ಕಾರ್ಡ್ ಮುಟ್ಟಿಸಿ ಟಿಕೆಟ್ ಗೇಟ್ ದಾಟಿಯಾಗಿತ್ತು. ಕಾಲುಸೇತುವೆ ಹುಡುಕಿಕೊಂಡು ಹೊರಟೆ. 200 ಮೀಟರ್ ಆಚೆಗಿನ ಬಾಗಿಲು ಮುಟ್ಟಲು 25 ನಿಮಿಷ ಹಿಡಿಯಿತು. ರೈಲಿನಲ್ಲಿ ಕೂತದ್ದಕ್ಕಿಂತ ಜಾಸ್ತಿ!

ಅವತ್ತಿನಿಂದ ನನ್ನ ಲೆಕ್ಕ ಉಲ್ಟಾ. ಮೆಟ್ರೋ ಪ್ರಯಾಣವನ್ನು ಹೊರಬೀಳುವ ಕಡೆಯಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬರುತ್ತೇನೆ. ಯಾವ ಎಕ್ಸಿಟ್, ಅದಕ್ಕೆ ಯಾವ ಸ್ಟೇಷನ್, ಅಲ್ಲಿಗೆ ಯಾವ ಲೈನು, ಆ ಲೈನಿನ ಯಾವ ತುದಿಯ ಕಡೆ ಹೋಗುವ ರೈಲು. ಟಿಕೆಟ್ಟಿನ ಯೋಚನೆ ಆಮೇಲೆ. ಮೊದಲ ಸಲ ಮೆಟ್ರೋ ಹತ್ತುವವರಿಗೂ, ಒಂದು ಊರಿನ ಮೆಟ್ರೋ ಗೊತ್ತಿದ್ದು ಇನ್ನೊಂದು ಊರಿನದಕ್ಕೆ ಕಾಲಿಡುವವರಿಗೂ ಇದೇ ಕ್ರಮ ಸಾಕು.

ಮೊದಲ ಹೆಜ್ಜೆ: ಎಲ್ಲಿ ಮೇಲೆ ಬರಬೇಕು

ನೆಲದಡಿಯ ಸ್ಟೇಷನ್ನಿಗೆ ಒಂದೇ ಬಾಗಿಲು ಇರುವುದು ಅಪರೂಪ. ನಾಲ್ಕೋ ಆರೋ ಸಾಮಾನ್ಯ. ಟೋಕಿಯೋದ ಶಿಂಜುಕುವಿನಲ್ಲಂತೂ 200ಕ್ಕೂ ಹೆಚ್ಚು ಎಕ್ಸಿಟ್‌ಗಳಿವೆ. ಅಲ್ಲಿ "ಸ್ಟೇಷನ್ ಹತ್ತಿರ ಸಿಗೋಣ" ಎಂದು ಯಾರಿಗಾದರೂ ಹೇಳಿದರೆ ಆ ದಿನ ಸಿಗುವುದು ಅನುಮಾನ. ಪ್ರತಿ ಎಕ್ಸಿಟ್‌ಗೂ ಒಂದು ಗುರುತು ಇರುತ್ತದೆ. ಕೆಲವು ಕಡೆ ಬರೀ ನಂಬರು, ಹಾಂಗ್‌ಕಾಂಗ್‌ನಲ್ಲಿ ಎ, ಬಿ, ಸಿ ಅಕ್ಷರಗಳು, ಟೋಕಿಯೋದಲ್ಲಿ ಎ3, ಬಿ2 ಎಂಬಂತೆ ಎರಡೂ ಸೇರಿದ ಗುರುತು.

ಹೊರಡುವ ಮೊದಲು ಫೋನಿನ ನಕ್ಷೆಯಲ್ಲಿ ನೀವು ಹೋಗುವ ಜಾಗವನ್ನು ದೊಡ್ಡದು ಮಾಡಿ ನೋಡಿ. ಬಹಳಷ್ಟು ಊರುಗಳಲ್ಲಿ ಸ್ಟೇಷನ್ನಿನ ಸುತ್ತ ಸಣ್ಣ ಚೌಕಗಳಲ್ಲಿ ಎಕ್ಸಿಟ್ ನಂಬರುಗಳು ಕಾಣುತ್ತವೆ. ಯಾವುದು ರಸ್ತೆ ದಾಟದೆ ಹೋಗುವ ಬದಿಯಲ್ಲಿದೆಯೋ ಅದನ್ನು ಬರೆದಿಟ್ಟುಕೊಳ್ಳಿ. ಸ್ಕ್ರೀನ್‌ಶಾಟ್ ತೆಗೆದರೆ ಇನ್ನೂ ಒಳ್ಳೆಯದು, ಏಕೆಂದರೆ ಸುರಂಗದಲ್ಲಿ ಸಿಗ್ನಲ್ ಇದ್ದೇ ಇರುತ್ತದೆ ಎಂದು ನಂಬಿಕೊಂಡು ಕೂರುವಂತಿಲ್ಲ. ಭೇಟಿಯಾಗಲು ಕರೆದವರು ವಿಳಾಸ ಕಳಿಸಿದರೆ "ಯಾವ ಎಕ್ಸಿಟ್?" ಎಂದು ಒಂದು ಸಾಲು ಕೇಳಿಬಿಡಿ. ಆ ಊರಿನವರಾದರೆ ತಟ್ಟನೆ ಹೇಳುತ್ತಾರೆ.

ಗಾಲಿಕುರ್ಚಿ, ಮಗುವಿನ ತಳ್ಳುಗಾಡಿ, ಭಾರದ ಸೂಟ್‌ಕೇಸ್ ಜೊತೆಗಿದ್ದರೆ ಈ ಹೆಜ್ಜೆಯನ್ನು ಬಿಡಲೇಬೇಡಿ. ಲಿಫ್ಟ್ ಎಲ್ಲ ಎಕ್ಸಿಟ್‌ಗಳಲ್ಲೂ ಇರುವುದಿಲ್ಲ. ಹಲವು ಕಡೆ ಸ್ಟೇಷನ್ನಿಗೆ ಒಂದೇ. ಲಂಡನ್, ಪ್ಯಾರಿಸ್, ನ್ಯೂಯಾರ್ಕ್‌ಗಳ ನೂರು ವರ್ಷ ದಾಟಿದ ಸ್ಟೇಷನ್‌ಗಳಲ್ಲಿ ಎಷ್ಟೋ ಕಡೆ ಲಿಫ್ಟೇ ಇಲ್ಲ. ಅಂಥ ಊರುಗಳ ಮೆಟ್ರೋ ನಕ್ಷೆಯಲ್ಲಿ ಗಾಲಿಕುರ್ಚಿಯ ಚಿಹ್ನೆ ಇರುವ ಸ್ಟೇಷನ್‌ಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ, ಅದರಿಂದ ಒಂದು ಸ್ಟೇಷನ್ ಹಿಂದೆಯೋ ಮುಂದೆಯೋ ಇಳಿಯಬೇಕಾಗಿ ಬಂದರೂ ಸರಿ.

ಎರಡನೆಯದು: ನಕ್ಷೆಯನ್ನು ನಂಬಿ, ಅದರ ದೂರವನ್ನು ನಂಬಬೇಡಿ

ಮೆಟ್ರೋ ನಕ್ಷೆ ಊರಿನ ನಕ್ಷೆಯಲ್ಲ. ಈಗ ಜಗತ್ತಿನ ಎಲ್ಲ ಕಡೆ ಕಾಣುವ, ನೇರ ಗೆರೆ ಮತ್ತು ಓರೆ ಗೆರೆಗಳ ನಕ್ಷೆಯನ್ನು ಮೊದಲು ಜನಪ್ರಿಯ ಮಾಡಿದ್ದು ಲಂಡನ್. ಹ್ಯಾರಿ ಬೆಕ್ ಎಂಬ ಡ್ರಾಫ್ಟ್ಸ್‌ಮನ್ 1931ರಲ್ಲಿ ಅದನ್ನು ಬರೆದ, 1933ರಲ್ಲಿ ಅದು ಅಚ್ಚಾಗಿ ಜನರ ಕೈಗೆ ಬಂತು. ಅವನ ಯೋಚನೆ ಸರಳ. ನೆಲದಡಿ ಹೋಗುವವನಿಗೆ ಮೇಲಿನ ತಿರುವುಮುರುವು ಯಾಕೆ ಬೇಕು? ಯಾವ ಸ್ಟೇಷನ್ ಆದಮೇಲೆ ಯಾವುದು, ಎಲ್ಲಿ ಬದಲಾಯಿಸಬೇಕು, ಇಷ್ಟು ಗೊತ್ತಾದರೆ ಸಾಕು. ಹಾಗಾಗಿ ಊರಿನ ನಡುವಿನ ಒತ್ತೊತ್ತಾದ ಭಾಗವನ್ನು ಹಿಗ್ಗಿಸಿ, ಹೊರವಲಯವನ್ನು ಕುಗ್ಗಿಸಿದ.

ಇದರಿಂದ ಅನುಕೂಲ ಎಷ್ಟೋ, ಮೋಸ ಹೋಗುವುದೂ ಅಷ್ಟೇ. ಲಂಡನ್ನಿನ ಲೆಸ್ಟರ್ ಸ್ಕ್ವೇರ್ ಮತ್ತು ಕಾವೆಂಟ್ ಗಾರ್ಡನ್ ನಡುವೆ ಹಳಿಯ ಮೇಲಿನ ದೂರ ಸುಮಾರು 260 ಮೀಟರ್ ಅಷ್ಟೇ. ನಕ್ಷೆ ನೋಡಿದ ಹೊಸಬರು ಕೆಳಗಿಳಿದು, ರೈಲಿಗೆ ಕಾದು, ಹತ್ತಿ, ಇಳಿದು, ಮೇಲೆ ಬರುತ್ತಾರೆ. ಅಷ್ಟರಲ್ಲಿ ನಡೆದು ಹೋದವರು ತಲುಪಿ ಎಷ್ಟೋ ಹೊತ್ತಾಗಿರುತ್ತದೆ. ಊರಿನ ನಡುಭಾಗದಲ್ಲಿ ಒಂದೇ ಸ್ಟೇಷನ್ ದೂರ ಹೋಗುವುದಿದ್ದರೆ, ಬೇರೆ ನಕ್ಷೆ ತೆಗೆದು ನಡಿಗೆಯ ಹೊತ್ತು ಎಷ್ಟೆಂದು ಒಮ್ಮೆ ನೋಡಿ.

ಲೈನು ಬದಲಾಯಿಸುವ ಕಡೆ ನಕ್ಷೆಯಲ್ಲಿ ಒಂದು ಪುಟ್ಟ ಬಿಳಿ ವೃತ್ತ ಇರುತ್ತದೆ. ಆ ವೃತ್ತದೊಳಗೆ ಏನಿದೆ ಎಂಬುದನ್ನು ನಕ್ಷೆ ಹೇಳುವುದಿಲ್ಲ. ಹಾಂಗ್‌ಕಾಂಗ್‌ನ ಮಾಂಗ್‌ಕಾಕ್ ಮತ್ತು ಪ್ರಿನ್ಸ್ ಎಡ್ವರ್ಡ್‌ಗಳಲ್ಲಿ ಒಂದು ರೈಲಿನಿಂದ ಇಳಿದು ಅದೇ ಪ್ಲಾಟ್‌ಫಾರ್ಮ್‌ನ ಎದುರು ಬದಿಯ ರೈಲು ಹತ್ತಬಹುದು, ಹತ್ತು ಹೆಜ್ಜೆಯ ಕೆಲಸ. (ಎರಡೂ ಸ್ಟೇಷನ್‌ಗಳಲ್ಲಿ ಅವೇ ಎರಡು ಲೈನುಗಳು ಸೇರುತ್ತವೆ. ಯಾವ ಕಡೆಗೆ ಹೊರಟಿದ್ದೀರಿ ಎಂಬುದರ ಮೇಲೆ ಎಲ್ಲಿ ಬದಲಾಯಿಸಿದರೆ ಸುಲಭ ಎಂಬುದು ನಿಂತಿದೆ. ಬೋರ್ಡಿನಲ್ಲಿ ಬರೆದಿರುತ್ತಾರೆ, ಓದಿದವರು ಬದುಕಿದರು.) ಪ್ಯಾರಿಸ್ಸಿನ ಮೊಂಪಾರ್ನಾಸ್‌ನಲ್ಲಿ ಒಂದು ಲೈನಿನಿಂದ ಇನ್ನೊಂದಕ್ಕೆ ಹೋಗುವ ಹಾದಿ ಎಷ್ಟು ಉದ್ದವೆಂದರೆ ನಡುವೆ ಚಲಿಸುವ ಕಾಲುದಾರಿಯನ್ನೇ ಹಾಕಿದ್ದಾರೆ. ನಕ್ಷೆಯಲ್ಲಿ ಎರಡಕ್ಕೂ ವೃತ್ತ ಒಂದೇ.

ಹಾಗಾಗಿ ನನ್ನ ನಿಯಮ ಹೀಗಿದೆ. ಎರಡು ದಾರಿಗಳಿದ್ದು ಒಂದು ಐದಾರು ನಿಮಿಷ ಉದ್ದವಾದರೂ ಬದಲಾವಣೆ ಕಡಿಮೆ ಇದ್ದರೆ ಅದನ್ನೇ ಹಿಡಿಯುತ್ತೇನೆ. ಆ್ಯಪ್ ಹೇಳುವ "ಅತಿ ಬೇಗ"ದ ದಾರಿ, ಆ ಸ್ಟೇಷನ್ನಿನ ಮೂಲೆಮೂಲೆ ಗೊತ್ತಿರುವವರ ಕಾಲಿಗೆ ಅಳೆದದ್ದು.

ಲೈನನ್ನು ಬಣ್ಣದಿಂದಷ್ಟೇ ನೆನಪಿಟ್ಟುಕೊಳ್ಳಬೇಡಿ. ತಿಳಿನೀಲಿ, ನೀಲಿ, ಹಸಿರು ಮಿಶ್ರಿತ ನೀಲಿ ಎಲ್ಲ ಒಂದೇ ನಕ್ಷೆಯಲ್ಲಿ ಇರುತ್ತವೆ. ಸುರಂಗದ ಬೆಳಕಿನಲ್ಲಿ, ವಯಸ್ಸಾದ ಕಣ್ಣಿಗೆ, ಬಣ್ಣಗುರುಡು ಇರುವವರಿಗೆ ಎಲ್ಲವೂ ಒಂದೇ. ಲೈನಿನ ಹೆಸರು ಅಥವಾ ನಂಬರನ್ನೂ ಸೇರಿಸಿ ಬರೆದುಕೊಳ್ಳಿ. ಗೊತ್ತಿಲ್ಲದ ಲಿಪಿಯ ಊರಾದರೆ ಸ್ಟೇಷನ್ನಿಗೆ ಬೇರೆ ಗುರುತು ಇದೆಯೇ ನೋಡಿ. ಟೋಕಿಯೋ 2004ರಿಂದ ಪ್ರತಿ ಸ್ಟೇಷನ್ನಿಗೂ ಅಕ್ಷರ ಮತ್ತು ನಂಬರು ಕೊಟ್ಟಿದೆ. ಗಿಂಜಾ ಲೈನಿನ ಗಿಂಜಾ ಸ್ಟೇಷನ್ ಅಂದರೆ ಜಿ09. ಜಿ06ರಲ್ಲಿ ಹತ್ತಿದವರು ಬೋರ್ಡಿನಲ್ಲಿ 07, 08 ಬರುತ್ತಿದೆಯೇ ಎಂದು ನೋಡಿದರೆ ಮುಗಿಯಿತು, 05 ಕಂಡರೆ ಇಳಿಯಬೇಕು. ಮೆಕ್ಸಿಕೋ ಸಿಟಿ ಇನ್ನೂ ಒಂದು ಹೆಜ್ಜೆ ಮುಂದೆ. 1969ರಲ್ಲಿ ಶುರುವಾದಾಗ ಓದಲು ಬಾರದವರೂ ಓಡಾಡಲಿ ಎಂದು ಪ್ರತಿ ಸ್ಟೇಷನ್ನಿಗೂ ಒಂದು ಚಿತ್ರ ಕೊಟ್ಟಿತು. ಹೆಸರು ನಾಲಿಗೆಗೆ ಹೊರಳದಿದ್ದರೂ ಚಿತ್ರ ಕಣ್ಣಿಗೆ ಸಿಗುತ್ತದೆ.

ಮೂರನೆಯದು: ದಿಕ್ಕು ಅಂದರೆ ಕೊನೆಯ ಸ್ಟೇಷನ್

ಹೊಸಬರ ತಪ್ಪುಗಳಲ್ಲಿ ಅರ್ಧಕ್ಕರ್ಧ ಇಲ್ಲೇ ಆಗುವುದು. ನೀವು ಇಳಿಯುವ ಸ್ಟೇಷನ್ನಿನ ಹೆಸರನ್ನು ಪ್ಲಾಟ್‌ಫಾರ್ಮ್ ಬೋರ್ಡಿನಲ್ಲಿ ಹುಡುಕುತ್ತೀರಿ, ಅದು ಅಲ್ಲಿರುವುದಿಲ್ಲ. ಬಹುತೇಕ ಊರುಗಳಲ್ಲಿ ಬೋರ್ಡಿನ ಮೇಲೆ ಇರುವುದು ಆ ರೈಲಿನ ಕೊನೆಯ ಸ್ಟೇಷನ್ನಿನ ಹೆಸರು. ಆದ್ದರಿಂದ ನಕ್ಷೆಯಲ್ಲಿ ನಿಮ್ಮ ಸ್ಟೇಷನ್ನಿನಿಂದ ಬೆರಳನ್ನು ಅದೇ ದಿಕ್ಕಿನಲ್ಲಿ ಲೈನು ಮುಗಿಯುವ ತನಕ ಎಳೆದುಕೊಂಡು ಹೋಗಿ. ತುದಿಯಲ್ಲಿ ಸಿಗುವ ಹೆಸರನ್ನು ಎಕ್ಸಿಟ್ ನಂಬರಿನ ಪಕ್ಕದಲ್ಲಿ ಬರೆದುಕೊಳ್ಳಿ. ನೀವು ಆ ತುದಿಗೆ ಕಾಲಿಡದಿದ್ದರೂ ಇಡೀ ಪ್ರಯಾಣದಲ್ಲಿ ನಿಮ್ಮ ಕೈಹಿಡಿದು ನಡೆಸುವುದು ಆ ಹೆಸರೇ. ಪ್ಯಾರಿಸ್ಸಿನಲ್ಲಂತೂ ಇದು ಪಕ್ಕಾ. ಲಂಡನ್ನಿನಲ್ಲಿ ಇದರ ಜೊತೆಗೆ ಉತ್ತರಕ್ಕೆ, ದಕ್ಷಿಣಕ್ಕೆ ಎಂದೂ ಬರೆದಿರುತ್ತಾರೆ.

ಲೈನು ಕವಲೊಡೆದರೆ ಜಾಗ್ರತೆ ಬೇಕು. ದೆಹಲಿಯ ನೀಲಿ ಲೈನು ಯಮುನಾ ಬ್ಯಾಂಕ್ ಸ್ಟೇಷನ್ನಿನಲ್ಲಿ ಎರಡಾಗುತ್ತದೆ, ಒಂದು ನೋಯ್ಡಾ ಕಡೆಗೆ, ಇನ್ನೊಂದು ವೈಶಾಲಿ ಕಡೆಗೆ. ಬಣ್ಣ ಒಂದೇ, ಪ್ಲಾಟ್‌ಫಾರ್ಮ್ ಒಂದೇ, ಒಂದರ ಹಿಂದೆ ಒಂದು ಬರುವ ರೈಲುಗಳು ಬೇರೆ. ಲಂಡನ್ನಿನ ನಾರ್ದರ್ನ್ ಲೈನು ಊರಿನ ನಡುವೆ ಬ್ಯಾಂಕ್ ಮೂಲಕ ಒಂದು, ಚೇರಿಂಗ್ ಕ್ರಾಸ್ ಮೂಲಕ ಇನ್ನೊಂದು ಎಂದು ಒಡೆದು ಮತ್ತೆ ಕೂಡಿಕೊಳ್ಳುತ್ತದೆ. ಅಲ್ಲಿ ತುದಿಯ ಹೆಸರೂ ಸಾಲದು, "ಯಾವುದರ ಮೂಲಕ" ಎಂಬುದನ್ನೂ ನೋಡಬೇಕು. ಪ್ಲಾಟ್‌ಫಾರ್ಮ್‌ಗೆ ಬಂದ ಮೊದಲ ರೈಲಿಗೆ ಹಾರಿ ಹತ್ತದೆ, ಅದರ ಹಣೆಯ ಮೇಲಿನ ಹೆಸರನ್ನು ಓದುವುದನ್ನು ಅಭ್ಯಾಸ ಮಾಡಿಕೊಳ್ಳಿ. ಕವಲಿನಲ್ಲಿ ತಪ್ಪು ರೈಲು ಹತ್ತಿದ್ದು ಗೊತ್ತಾದರೆ ಕವಲು ಬರುವ ಮೊದಲೇ ಇಳಿದು ಅದೇ ಪ್ಲಾಟ್‌ಫಾರ್ಮ್‌ನಲ್ಲಿ ಹಿಂದಿನ ರೈಲಿಗೆ ಕಾಯಿರಿ.

ಸುತ್ತು ಲೈನುಗಳಿಗೆ ತುದಿಯೇ ಇಲ್ಲ. ಸೋಲ್ ನಗರದ 2ನೇ ಲೈನಿನಲ್ಲಿ ಒಳಸುತ್ತು, ಹೊರಸುತ್ತು ಎನ್ನುತ್ತಾರೆ. ಮಾಸ್ಕೋದಲ್ಲಿ ಕಿವಿಗೇ ಒಂದು ಸುಳಿವು ಇಟ್ಟಿದ್ದಾರೆ. ವೃತ್ತಾಕಾರದ ಲೈನಿನಲ್ಲಿ ರೈಲು ಪ್ರದಕ್ಷಿಣೆಯಾಗಿ ಹೋಗುತ್ತಿದ್ದರೆ ಪ್ರಕಟಣೆ ಗಂಡುದನಿಯಲ್ಲಿ, ಅಪ್ರದಕ್ಷಿಣೆಯಾದರೆ ಹೆಣ್ಣುದನಿಯಲ್ಲಿ. ಉಳಿದ ಲೈನುಗಳಲ್ಲಿ ಊರಿನ ನಡುವಿಗೆ ಹೋಗುವಾಗ ಗಂಡುದನಿ, ನಡುವಿನಿಂದ ಹೊರಕ್ಕೆ ಹೋಗುವಾಗ ಹೆಣ್ಣುದನಿ. ಕಣ್ಣು ಕಾಣದವರಿಗೆ ಇದು ಎಷ್ಟು ದೊಡ್ಡ ಆಸರೆ ಎಂದು ಬೇರೆ ಹೇಳಬೇಕಿಲ್ಲ.

ನ್ಯೂಯಾರ್ಕ್‌ನಲ್ಲಿ ಎರಡು ತೊಡಕುಗಳಿವೆ. ಕೆಲವು ಸ್ಟೇಷನ್‌ಗಳಲ್ಲಿ ರಸ್ತೆಯ ಈ ಬದಿಯ ಮೆಟ್ಟಿಲು ಒಂದು ದಿಕ್ಕಿನ ರೈಲಿಗೆ ಮಾತ್ರ, ಇನ್ನೊಂದು ದಿಕ್ಕಿಗೆ ರಸ್ತೆ ದಾಟಿ ಆ ಬದಿಯ ಮೆಟ್ಟಿಲು ಇಳಿಯಬೇಕು. ಮೆಟ್ಟಿಲ ಮೇಲಿನ ಬೋರ್ಡು ಓದದೆ ಗೇಟ್ ದಾಟಿದರೆ ದುಡ್ಡು ಹೋಯಿತು. ಇನ್ನೊಂದು, ಎಲ್ಲ ಕಡೆ ನಿಲ್ಲುವ ಲೋಕಲ್ ಮತ್ತು ಹಲವು ಸ್ಟೇಷನ್ ಬಿಟ್ಟು ಓಡುವ ಎಕ್ಸ್‌ಪ್ರೆಸ್ ಅಕ್ಕಪಕ್ಕದಲ್ಲೇ ಬರುತ್ತವೆ. ನಿಮ್ಮ ಸ್ಟೇಷನ್ನಿನಲ್ಲಿ ಯಾವುದು ನಿಲ್ಲುತ್ತದೆ ಎಂದು ಗೊತ್ತಿಲ್ಲದಿದ್ದರೆ ಲೋಕಲ್ ಹತ್ತಿ. ತಡವಾದರೂ ತಲುಪಿಸುತ್ತದೆ.

ನಾಲ್ಕನೆಯದು: ಟಿಕೆಟ್

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಹೊರಗೆ ಹೋಗುವಾಗಲೂ ಟಿಕೆಟ್ ತೋರಿಸಬೇಕೇ? ಉತ್ತರ ಗೊತ್ತಾದರೆ ಅರ್ಧ ನಿಯಮ ಗೊತ್ತಾದಂತೆ.

ದೂರಕ್ಕೆ ತಕ್ಕ ಚಾರ್ಜು ಇರುವ ಕಡೆ, ಅಂದರೆ ದೆಹಲಿ, ಟೋಕಿಯೋ, ಸಿಂಗಾಪುರ, ಲಂಡನ್‌ನಂಥ ಊರುಗಳಲ್ಲಿ, ಒಳಗೆ ಹೋಗುವಾಗಲೂ ಹೊರಬರುವಾಗಲೂ ಕಾರ್ಡ್ ಮುಟ್ಟಿಸಬೇಕು. ಎಲ್ಲಿ ಹತ್ತಿದಿರಿ ಎಂಬುದು ಕಾರ್ಡಿನ ಲೆಕ್ಕದಲ್ಲಿ ಇರುತ್ತದೆ, ಎಲ್ಲಿ ಇಳಿದಿರಿ ಎಂದು ನೀವು ಹೇಳದಿದ್ದರೆ ಲೆಕ್ಕ ಮುಗಿಯುವುದಿಲ್ಲ. ಲಂಡನ್ನಿನಲ್ಲಿ ಕೆಲವು ಸ್ಟೇಷನ್‌ಗಳಲ್ಲಿ ಗೇಟೇ ಇರುವುದಿಲ್ಲ, ಕಂಬದ ಮೇಲೆ ಯಂತ್ರ ಮಾತ್ರ. ಮುಟ್ಟಿಸದೆ ನಡೆದುಹೋದರೆ ಯಾರೂ ತಡೆಯುವುದಿಲ್ಲ, ಆದರೆ ಅತಿ ಹೆಚ್ಚಿನ ಚಾರ್ಜು ಹಾಕಿಬಿಡುತ್ತಾರೆ. ಅಲ್ಲಿ 2014ರಿಂದ ಬ್ಯಾಂಕಿನ ಕಾರ್ಡನ್ನೇ ಗೇಟಿಗೆ ಮುಟ್ಟಿಸಬಹುದು. ಇದೀಗ ಬೇರೆ ಎಷ್ಟೋ ಊರುಗಳಲ್ಲೂ ಈ ಸೌಲಭ್ಯ ಬಂದಿದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಒಳಗೆ ಬರುವಾಗ ಫೋನು ಮುಟ್ಟಿಸಿ, ಹೊರಬರುವಾಗ ಅದೇ ಖಾತೆಯ ಪ್ಲಾಸ್ಟಿಕ್ ಕಾರ್ಡ್ ಮುಟ್ಟಿಸಿದರೆ ಯಂತ್ರದ ಲೆಕ್ಕದಲ್ಲಿ ಅವು ಇಬ್ಬರು ಬೇರೆ ಬೇರೆ ಪ್ರಯಾಣಿಕರು. ಎರಡು ಅರ್ಧ ಪ್ರಯಾಣ, ಎರಡಕ್ಕೂ ದಂಡ. ಯಾವುದನ್ನು ಮುಟ್ಟಿಸಿದಿರೋ ಕೊನೆಯ ತನಕ ಅದನ್ನೇ ಬಳಸಿ. ಪರ್ಸನ್ನು ಹಾಗೆಯೇ ಯಂತ್ರಕ್ಕೆ ಒತ್ತುವ ಚಾಳಿ ಇದ್ದರೆ ಅದನ್ನೂ ಬಿಡಿ, ಒಳಗಿರುವ ಮೂರು ಕಾರ್ಡ್‌ಗಳಲ್ಲಿ ಯಂತ್ರ ಯಾವುದನ್ನು ಓದಿತೋ ದೇವರೇ ಬಲ್ಲ. ಇಬ್ಬರಿಗೆ ಒಂದೇ ಕಾರ್ಡ್ ಕೂಡ ನಡೆಯುವುದಿಲ್ಲ; ಮೊದಲನೆಯವರು ಒಳಗೆ ಹೋದಮೇಲೆ ಎರಡನೆಯವರಿಗೆ ಗೇಟ್ ತೆರೆಯುವುದಿಲ್ಲ.

ಒಂದೇ ಚಾರ್ಜಿನ ಊರುಗಳಲ್ಲಿ ಹೊರಬರುವುದು ಸುಲಭ. ಹಾಗೆಂದು ಪ್ಯಾರಿಸ್ಸಿನಲ್ಲಿ ಹೊರಬೀಳುವ ತನಕ ಟಿಕೆಟ್ಟೋ ಕಾರ್ಡೋ ಜೋಪಾನವಾಗಿ ಇಟ್ಟುಕೊಳ್ಳಿ, ಹೊರಬರುವ ದಾರಿಯ ತಿರುವಿನಲ್ಲಿ ತಪಾಸಣೆಯವರು ನಿಂತಿರುತ್ತಾರೆ. ಬರ್ಲಿನ್, ಮ್ಯೂನಿಕ್, ವಿಯೆನ್ನಾಗಳಲ್ಲಿ ಗೇಟೇ ಇಲ್ಲ, ನೇರ ಪ್ಲಾಟ್‌ಫಾರ್ಮಿಗೆ ನಡೆದುಬಿಡಬಹುದು. ಅದನ್ನು ಬಿಟ್ಟಿ ಸವಾರಿ ಎಂದುಕೊಂಡವರು ಸಿಕ್ಕಿಬೀಳುತ್ತಾರೆ. ಮಾಮೂಲಿ ಬಟ್ಟೆಯಲ್ಲಿ ಪಕ್ಕದ ಸೀಟಿನಲ್ಲೇ ಕೂತವರು ಎದ್ದು ಟಿಕೆಟ್ ಕೇಳುತ್ತಾರೆ. ಕಾಗದದ ಟಿಕೆಟ್ ಕೊಂಡರೆ ಸಾಲದು, ಮೊದಲೇ ಮುದ್ರೆ ಬಿದ್ದಿಲ್ಲದಿದ್ದರೆ ಹತ್ತುವ ಮೊದಲು ಸಣ್ಣ ಯಂತ್ರದೊಳಗೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಮುದ್ರೆಯಿಲ್ಲದ ಟಿಕೆಟ್ ಇದ್ದರೂ ಇಲ್ಲದ ಹಾಗೆ.

ಎಷ್ಟು ಚಾರ್ಜು ಎಂದು ಗೊತ್ತಾಗದೆ ಯಂತ್ರದ ಮುಂದೆ ಪೇಚಾಡುವಾಗ ಟೋಕಿಯೋದ ಉಪಾಯವೊಂದು ಚೆನ್ನಾಗಿದೆ: ಅತಿ ಕಡಿಮೆಯ ಟಿಕೆಟ್ ಕೊಂಡು ಹೊರಡಿ, ಇಳಿದ ಕಡೆ ಗೇಟಿನ ಒಳಗೇ ಇರುವ ಚಾರ್ಜು ಸರಿಹೊಂದಿಸುವ ಯಂತ್ರದಲ್ಲಿ ವ್ಯತ್ಯಾಸದ ದುಡ್ಡು ಕಟ್ಟಿ. ಅಲ್ಲಿ ಅದು ತಪ್ಪಲ್ಲ, ಅದಕ್ಕೆಂದೇ ಯಂತ್ರ ಇಟ್ಟಿರುವುದು. ಬೇರೆ ಊರಿನಲ್ಲಿ ಹೀಗೆ ಮಾಡಿದರೆ ದಂಡ ಬೀಳಬಹುದು.

ಐದನೆಯದು: ಕೆಳಗಿಳಿಯುವುದು

ದೆಹಲಿ, ಬೀಜಿಂಗ್, ಶಾಂಘೈಗಳಲ್ಲಿ ಗೇಟಿಗೆ ಮೊದಲೇ ಬ್ಯಾಗು ತಪಾಸಣೆ ಇದೆ. ಬೆಳಗಿನ ಹೊತ್ತು ಆ ಸಾಲಿಗೇ ಸಮಯ ಇಟ್ಟುಕೊಳ್ಳಿ. ಆಳದ ಸ್ಟೇಷನ್‌ಗಳಿಗೂ ಅಷ್ಟೇ. ಕೀವ್ ನಗರದ ಆರ್ಸೆನಾಲ್ನಾ 105 ಮೀಟರಿಗಿಂತ ಆಳದಲ್ಲಿದೆ, ಒಂದಾದ ಮೇಲೊಂದು ಎರಡು ಉದ್ದನೆಯ ಎಸ್ಕಲೇಟರ್ ಇಳಿದರೇ ರೈಲು.

ಎಸ್ಕಲೇಟರ್ ಮೇಲೆ ಯಾವ ಬದಿ ನಿಲ್ಲಬೇಕು? ಲಂಡನ್, ಪ್ಯಾರಿಸ್, ಮಾಸ್ಕೋಗಳಲ್ಲಿ ಬಲಕ್ಕೆ, ಟೋಕಿಯೋದಲ್ಲಿ ಎಡಕ್ಕೆ. ಅದೇ ಜಪಾನಿನ ಒಸಾಕಾದಲ್ಲಿ ಮತ್ತೆ ಬಲಕ್ಕೆ! ಬಾಯಿಪಾಠ ಮಾಡಬೇಡಿ, ಮುಂದಿನವರು ನಿಂತ ಬದಿಗೆ ನಿಲ್ಲಿ. ಲಂಡನ್ನಿನ ಹೋಬರ್ನ್ ಸ್ಟೇಷನ್ನಿನಲ್ಲಿ 2015ರಲ್ಲಿ ಕೆಲವು ವಾರ ಎರಡೂ ಬದಿ ನಿಲ್ಲಿಸಿ ನೋಡಿದರು. ಉದ್ದನೆಯ ಎಸ್ಕಲೇಟರ್ ಮೇಲೆ ನಡೆಯುವವರಿಗೆ ಅರ್ಧ ಜಾಗ ಖಾಲಿ ಬಿಡುವುದಕ್ಕಿಂತ ಎಲ್ಲರೂ ನಿಂತರೇ ಹೆಚ್ಚು ಜನ ಮೇಲೆ ತಲುಪಿದರು. ನಡೆದು ಹತ್ತುವವರ ಸಿಟ್ಟು ಮಾತ್ರ ಇಳಿಯಲಿಲ್ಲವಂತೆ.

ಆರನೆಯದು: ಪ್ಲಾಟ್‌ಫಾರ್ಮ್

ರೈಲು ಕಾಣುವ ಮೊದಲೇ ಬರುವುದು ಗಾಳಿ. ಸುರಂಗದ ಬಾಯಿಯ ಹತ್ತಿರ ನಿಂತು ಗಮನಿಸಿ. ಮೊದಲು ಕೆನ್ನೆಗೆ ಬೆಚ್ಚನೆಯ ಉಸಿರಿನ ಹಾಗೆ ತಾಗುತ್ತದೆ, ಆಮೇಲೆ ನೆಲದ ಮೇಲಿನ ಚೂರು ಕಾಗದ ಹೊರಳುತ್ತದೆ, ಕೂದಲು ಹಾರುತ್ತದೆ, ಹಳಿ ಸಣ್ಣಗೆ ಸುಯ್‌ಗುಡುತ್ತದೆ, ಕೊನೆಗೆ ತಿರುವಿನ ಗೋಡೆಯ ಮೇಲೆ ದೀಪದ ಬೆಳಕು. ಸುರಂಗದಲ್ಲಿ ರೈಲು ಪಿಸ್ಟನ್ ಹಾಗೆ ತನ್ನ ಮುಂದಿನ ಗಾಳಿಯನ್ನು ತಳ್ಳಿಕೊಂಡು ಬರುತ್ತದೆ. ಈ ಗಾಳಿ ಬಂದರೆ ಟೋಪಿ, ಸೆರಗು, ದುಪಟ್ಟಾ, ಕೈಯಲ್ಲಿರುವ ಹಗುರ ಕಾಗದ ಹಿಡಿದುಕೊಳ್ಳಿ, ಮಗುವಿನ ಕೈಯನ್ನೂ.

ಅಂಚಿನ ಹಳದಿ ಪಟ್ಟಿಯನ್ನು ದಾಟಬೇಡಿ ಎನ್ನುತ್ತಾರೆ. ಅದು ಬರೀ ಬಣ್ಣವಲ್ಲ, ಪಾದಕ್ಕೆ ಓದಲು ಬರೆದದ್ದು. ಜಪಾನಿನ ಸೈಇಚಿ ಮಿಯಾಕೆ 1965ರಲ್ಲಿ ಈ ಉಬ್ಬುಹಾಸನ್ನು ರೂಪಿಸಿದ, 1967ರಲ್ಲಿ ಒಕಾಯಾಮಾ ನಗರದ ಅಂಧರ ಶಾಲೆಯೊಂದರ ಬಳಿ ಮೊದಲು ಹಾಸಲಾಯಿತು. ಉದ್ದ ಗೆರೆಗಳಿದ್ದರೆ "ಈ ದಾರಿಯಲ್ಲಿ ನಡೆ", ಗುಂಡು ಉಬ್ಬುಗಳಿದ್ದರೆ "ನಿಲ್ಲು". ಆ ಪಟ್ಟಿಯ ಮೇಲೆ ಸೂಟ್‌ಕೇಸ್ ಇಡುವುದು ಒಬ್ಬರ ರಸ್ತೆಗೆ ಕಲ್ಲು ಅಡ್ಡ ಹಾಕಿದ ಹಾಗೆ.

ಫೋನು ಹಳಿಗೆ ಬಿದ್ದರೆ ಕೆಳಗಿಳಿಯಲೇಬೇಡಿ, ಒಂದು ಕ್ಷಣಕ್ಕೂ ಬೇಡ. ಹಲವು ಮೆಟ್ರೋಗಳಲ್ಲಿ ಮೇಲೆ ತಂತಿ ಇರುವುದಿಲ್ಲ. ಹಳಿಯ ಪಕ್ಕದ ಮೂರನೆಯ ಹಳಿಯಲ್ಲೇ ಸಾಮಾನ್ಯವಾಗಿ 750 ವೋಲ್ಟ್ ವಿದ್ಯುತ್ ಹರಿಯುತ್ತಿರುತ್ತದೆ. ಸಿಬ್ಬಂದಿಗೆ ಹೇಳಿ, ಉದ್ದನೆಯ ಕೋಲಿನ ಇಕ್ಕಳದಿಂದ ಎತ್ತಿಕೊಡುತ್ತಾರೆ. ಮನುಷ್ಯರೇ ಬಿದ್ದರೂ ಹಿಂದೆ ಹಾರಬೇಡಿ, ಪ್ಲಾಟ್‌ಫಾರ್ಮ್‌ನಲ್ಲಿರುವ ತುರ್ತು ಗುಂಡಿ ಒತ್ತಿ, ಕೂಗಿ. ಆ ಗುಂಡಿ ಎಲ್ಲಿದೆ ಎಂದು ಸುಮ್ಮನೆ ಕಾಯುವಾಗ ಒಮ್ಮೆ ನೋಡಿಟ್ಟುಕೊಂಡಿರಿ.

ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಮತ್ತೆ ಎಕ್ಸಿಟ್ ನಂಬರೇ ಆಧಾರ. ಇಳಿಯುವ ಸ್ಟೇಷನ್ನಿನಲ್ಲಿ ನಿಮ್ಮ ಎಕ್ಸಿಟ್ ರೈಲಿನ ಮುಂಭಾಗಕ್ಕೆ ಹತ್ತಿರವಾದರೆ ಮುಂದಿನ ಕೋಚ್ ಹತ್ತಿ. ಕಾಯುವ ಹೊತ್ತಿನಲ್ಲೇ ಪ್ಲಾಟ್‌ಫಾರ್ಮ್ ಉದ್ದಕ್ಕೂ ನಡೆದುಬಿಟ್ಟರೆ ಆ ನಡಿಗೆ ಇಳಿದ ಮೇಲೆ ಉಳಿಯುತ್ತದೆ, ಗುಂಪಿಗಿಂತ ಮೊದಲು ಗೇಟ್ ತಲುಪುತ್ತೀರಿ. ಟೋಕಿಯೋದ ಪ್ಲಾಟ್‌ಫಾರ್ಮ್‌ಗಳಲ್ಲಿ ಯಾವ ಕೋಚ್ ಇಳಿದರೆ ಯಾವ ಮೆಟ್ಟಿಲು ಹತ್ತಿರ ಎಂದು ಪಟ್ಟಿಯನ್ನೇ ಹಾಕಿರುತ್ತಾರೆ. ಎಕ್ಸಿಟ್ ಗೊತ್ತಿಲ್ಲವೇ? ಮೆಟ್ಟಿಲಿನಿಂದ ದೂರ ನಡೆಯಿರಿ. ಜನ ಮೆಟ್ಟಿಲು ಇಳಿದ ಕಡೆಯೇ ಗುಂಪುಗೂಡುವುದರಿಂದ ದೂರದ ಕೋಚ್‌ಗಳಲ್ಲಿ ಜಾಗ ಸಿಗುವ ಸಾಧ್ಯತೆ ಹೆಚ್ಚು. ಹೆಂಗಸರಿಗೆ ಮೀಸಲು ಕೋಚ್ ಇದೆಯೇ ಎಂಬುದನ್ನೂ ನೆಲದ ಗುರುತಿನಲ್ಲಿ ನೋಡಿ. ದೆಹಲಿಯಲ್ಲಿ ಓಡುವ ದಿಕ್ಕಿನ ಮೊದಲ ಕೋಚ್, ಟೋಕಿಯೋದ ಕೆಲವು ಲೈನುಗಳಲ್ಲಿ ದಟ್ಟಣೆಯ ಹೊತ್ತಿಗೆ ಮಾತ್ರ.

ಬಾಗಿಲಿನ ಎದುರು ನಿಲ್ಲದೆ ಪಕ್ಕಕ್ಕೆ ನಿಂತು, ಇಳಿಯುವವರು ಇಳಿದ ಮೇಲೆ ಹತ್ತಿ. ಬೀಪ್ ಶುರುವಾದ ಮೇಲೆ ಓಡಬೇಡಿ. ಲಂಡನ್ನಿನ ವಿಕ್ಟೋರಿಯಾ ಲೈನಿನಲ್ಲಿ ದಟ್ಟಣೆಯ ಹೊತ್ತು ಗಂಟೆಗೆ 36 ರೈಲು, ಅಂದರೆ 100 ಸೆಕೆಂಡಿಗೊಂದು. ಬಾಗಿಲಿಗೆ ಬ್ಯಾಗು ತೂರಿಸಿ ನೀವು ಉಳಿಸುವುದು ಅಷ್ಟನ್ನೇ. ಹಿಂದಿನ ರೈಲುಗಳೆಲ್ಲ ತಡವಾಗುತ್ತವೆ, ನಿಮ್ಮ ಬ್ಯಾಗಿನ ಪಟ್ಟಿ ಕಿತ್ತುಹೋಗುತ್ತದೆ.

ಏಳನೆಯದು: ಒಳಗೆ

ಬೆನ್ನಿನ ಬ್ಯಾಗನ್ನು ಎದೆಗೆ ಹಾಕಿಕೊಳ್ಳಿ ಅಥವಾ ಕಾಲ ನಡುವೆ ಇಟ್ಟುಕೊಳ್ಳಿ. ನಿಂತವರು ರೈಲು ಓಡುವ ದಿಕ್ಕಿಗೆ ಒಂದು ಕಾಲು ಮುಂದೆ, ಒಂದು ಹಿಂದೆ ಇಟ್ಟು ಮಂಡಿಯನ್ನು ಸ್ವಲ್ಪ ಸಡಿಲ ಬಿಟ್ಟರೆ ಬ್ರೇಕ್ ಬಿದ್ದಾಗ ಪಕ್ಕದವರ ಮೇಲೆ ಬೀಳುವುದಿಲ್ಲ. ಸಿಂಗಾಪುರ, ಹಾಂಗ್‌ಕಾಂಗ್‌ಗಳಲ್ಲಿ ತಿನ್ನುವುದು, ಕುಡಿಯುವುದು ನಿಷಿದ್ಧ. ಸೋಲ್‌ನಲ್ಲಿ ಗುಲಾಬಿ ಬಣ್ಣದ ಸೀಟು ಗರ್ಭಿಣಿಯರದು, ಖಾಲಿ ಇದ್ದರೂ ಬೇರೆಯವರು ಕೂರದೆ ಬಿಡುತ್ತಾರೆ.

ಬಾಗಿಲ ಮೇಲಿನ ಲೈನಿನ ಪಟ್ಟಿಯಲ್ಲಿ ಮೊದಲ ಸ್ಟೇಷನ್ ಬಂದ ಕೂಡಲೇ ದಿಕ್ಕು ಸರಿಯಿದೆಯೇ ಎಂದು ತಾಳೆ ನೋಡಿ. ಇಳಿಯುವುದಕ್ಕೆ ಒಂದು ಸ್ಟೇಷನ್ ಮೊದಲೇ ಬಾಗಿಲ ಕಡೆ ಸರಿಯಲು ಶುರು ಮಾಡಿ, ಯಾವ ಬದಿಯ ಬಾಗಿಲು ತೆರೆಯುತ್ತದೆ ಎಂಬ ಪ್ರಕಟಣೆಗೆ ಕಿವಿ ಕೊಡಿ. ಬರ್ಲಿನ್‌ನಂಥ ಕಡೆ ಬಾಗಿಲು ತಾನಾಗಿ ತೆರೆಯುವುದಿಲ್ಲ, ಗುಂಡಿ ಒತ್ತಬೇಕು. ಪ್ಯಾರಿಸ್ಸಿನ ಹಳೆಯ ರೈಲುಗಳಲ್ಲಿ ಹಿಡಿಕೆ ಎತ್ತಬೇಕು. ಬಾಗಿಲ ಮುಂದೆ ಗಂಭೀರವಾಗಿ ನಿಂತು ಸ್ಟೇಷನ್ ಕಳೆದುಕೊಂಡವರು ನಾನೊಬ್ಬನೇ ಅಲ್ಲ ಎಂದುಕೊಂಡಿದ್ದೇನೆ.

ಎಡವಟ್ಟಾದರೆ

ಸ್ಟೇಷನ್ ದಾಟಿ ಹೋದರೆ ಅಥವಾ ಉಲ್ಟಾ ದಿಕ್ಕಿನ ರೈಲು ಹತ್ತಿದರೆ ಮುಂದಿನ ಸ್ಟೇಷನ್ನಿನಲ್ಲಿ ಇಳಿಯಿರಿ, ಗೇಟ್ ದಾಟಬೇಡಿ. ನಡುವೆ ಒಂದೇ ಪ್ಲಾಟ್‌ಫಾರ್ಮ್ ಇದ್ದು ಎರಡು ಕಡೆ ಹಳಿ ಇದ್ದರೆ ಎದುರು ಬದಿಗೆ ತಿರುಗಿದರೆ ಸಾಕು. ಎರಡು ಬೇರೆ ಪ್ಲಾಟ್‌ಫಾರ್ಮ್ ಆದರೆ ಒಳಗಿನಿಂದಲೇ ಆಚೆ ಹೋಗುವ ದಾರಿ ಇದೆಯೇ ನೋಡಿ. ಇಲ್ಲದಿದ್ದರೆ ಇನ್ನೊಂದು ಸ್ಟೇಷನ್ ಮುಂದೆ ಹೋಗಿ ತಿರುಗುವುದೇ ಕೆಲವೊಮ್ಮೆ ಸುಲಭ.

ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಹತ್ತುವ ಮೊದಲೇ ಒಂದು ಒಪ್ಪಂದ ಮಾಡಿಕೊಳ್ಳಿ. ಬಾಗಿಲು ಮುಚ್ಚಿ ಒಬ್ಬರು ಒಳಗೆ, ಒಬ್ಬರು ಹೊರಗೆ ಉಳಿದರೆ: ಒಳಗಿದ್ದವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಅಲ್ಲೇ ನಿಲ್ಲುವುದು, ಹೊರಗಿದ್ದವರು ಹಿಂದಿನ ರೈಲು ಹತ್ತಿ ಬರುವುದು. ಹೊರಗೆ ಉಳಿದದ್ದು ಚಿಕ್ಕ ಮಗುವಾದರೆ ಅದು ಕದಲದೆ ಅಲ್ಲೇ ನಿಲ್ಲಬೇಕು, ದೊಡ್ಡವರು ವಾಪಸು ಬರಬೇಕು. ಇಬ್ಬರೂ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೊರಟರೆ ಎದುರುಬದುರು ರೈಲುಗಳಲ್ಲಿ ದಾಟಿಹೋಗುತ್ತಾರೆ.

ಸುರಂಗದ ನಡುವೆ ರೈಲು ನಿಂತರೆ ಸಾಮಾನ್ಯವಾಗಿ ಮುಂದಿನ ಸಿಗ್ನಲ್ ಕೆಂಪಾಗಿದೆ ಎಂದಷ್ಟೇ ಅರ್ಥ. ಬಾಗಿಲಿನ ತುರ್ತು ಹಿಡಿಕೆ ಎಳೆಯಬೇಡಿ, ಯಾರೂ ಹೇಳದೆ ಹಳಿಗೆ ಇಳಿಯಬೇಡಿ. ಯಾರಿಗಾದರೂ ಎದೆನೋವು, ತಲೆಸುತ್ತು ಬಂದರೆ ಇಂಟರ್‌ಕಾಂ ಒತ್ತಿ ಕೋಚ್ ನಂಬರು ಹೇಳಿ. ಸಹಾಯ ಬೇಗ ಸಿಗುವುದು ಸುರಂಗದಲ್ಲಲ್ಲ, ಮುಂದಿನ ಸ್ಟೇಷನ್ನಿನಲ್ಲಿ.

ಕೊನೆಯ ರೈಲಿನ ಹೊತ್ತು ದಿಕ್ಕಿಗೊಂದು ಇರುತ್ತದೆ. ನ್ಯೂಯಾರ್ಕ್ ಮೆಟ್ರೋ ದಿನದ 24 ಗಂಟೆ ಓಡುತ್ತದೆ, ಲಂಡನ್ನಿನಲ್ಲಿ ರಾತ್ರಿಯಿಡೀ ರೈಲು ಇರುವುದು ಶುಕ್ರವಾರ, ಶನಿವಾರ ಮಾತ್ರ, ಅದೂ ಕೆಲವೇ ಲೈನುಗಳಲ್ಲಿ. ಲೈನು ಬದಲಾಯಿಸಬೇಕಾದವರು ಎರಡನೆಯ ಲೈನಿನ ಕೊನೆಯ ರೈಲನ್ನು ನೋಡಬೇಕು, ಮೊದಲನೆಯದನ್ನಲ್ಲ. ಮೊದಲನೆಯದು ಸಿಕ್ಕಿತೆಂದು ಹತ್ತಿ, ಬದಲಾಯಿಸುವ ಕಡೆ ದೀಪ ಆರಿಸಿದ ಪ್ಲಾಟ್‌ಫಾರ್ಮ್ ಕಂಡವರಿಗೆ ಇದು ಚೆನ್ನಾಗಿ ಗೊತ್ತು.

ಇಳಿದ ಮೇಲೆ

ಗುಂಪಿನ ಹಿಂದೆ ಹೋಗಬೇಡಿ, ನಿಮ್ಮ ನಂಬರಿನ ಹಿಂದೆ ಹೋಗಿ. ಗೇಟ್ ದಾಟುವ ಮೊದಲು ಗೋಡೆಯ ಮೇಲಿನ, ಸ್ಟೇಷನ್ನಿನ ಸುತ್ತಮುತ್ತಲ ನಕ್ಷೆಯನ್ನು ಒಂದು ನಿಮಿಷ ನೋಡಿ. ಕೆಲವು ಊರುಗಳಲ್ಲಿ ಅದನ್ನು ನೀವು ನಿಂತ ದಿಕ್ಕಿಗೆ ತಿರುಗಿಸಿ ಹಾಕಿರುತ್ತಾರೆ, ಉತ್ತರ ಮೇಲಿರುವುದಿಲ್ಲ. ಮೆಟ್ಟಿಲು ಹತ್ತಿ ಬಂದ ಕೂಡಲೇ ಬಾಯಿಯಲ್ಲೇ ನಿಂತು ಫೋನು ತೆಗೆಯಬೇಡಿ, ಹಿಂದೆ ನೂರು ಜನ ಬರುತ್ತಿದ್ದಾರೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ನೆಲದಡಿಯಿಂದ ಬಂದಾಗ ಫೋನಿನ ನೀಲಿ ಚುಕ್ಕೆ ಸರಿಯಾದ ಜಾಗಕ್ಕೆ ಬರಲು ಅರ್ಧ ನಿಮಿಷವಾದರೂ ಬೇಕು, ಅಷ್ಟರಲ್ಲಿ ಹಿಂತಿರುಗಿ ಎಕ್ಸಿಟ್ ಬೋರ್ಡಿನ ಒಂದು ಫೋಟೋ ತೆಗೆದುಕೊಳ್ಳಿ. ವಾಪಸು ಬರುವಾಗ ಕತ್ತಲಾಗಿರುತ್ತದೆ, ಎಲ್ಲ ಮೂಲೆಗಳೂ ಒಂದೇ ಥರ ಕಾಣುತ್ತವೆ.